ಯಾರೂ ಬಾರದ ಲೈಬ್ರರಿ

ಹೈಸ್ಕೂಲಿನ ಲೈಬ್ರರಿಗೆ ದಿನಕ್ಕೆ ನಾಲ್ಕೇ ಜನ ಬರುತ್ತಾರೆ ಎಂಬ ಸುದ್ದಿ ನಿಸ್ಕನೆನ್ ಮನೆಗೆ ತಲುಪಿದ್ದು ಫೆಬ್ರವರಿಯ ಒಂದು ಗುರುವಾರ, ಬಟಾಣಿ ಸೂಪಿನ ಹೊತ್ತಿಗೆ. ಗುರುವಾರವೆಂದರೆ ಆ ಮನೆಯಲ್ಲಿ ಬಟಾಣಿ ಸೂಪು. ಮನೆಯ ಹಿರಿಯಳು ಐಲಿಯ ಅತ್ತೆ ಫಿನ್ಲೆಂಡಿನಿಂದ ಅಮೆರಿಕಕ್ಕೆ ಬರುವಾಗ ತಂದ ಪದ್ಧತಿ ಅದು. ಯಾರಿಗೂ ಅದರ ಮೇಲೆ ಅಂಥ ಪ್ರೀತಿಯಿರಲಿಲ್ಲ, ನಿಲ್ಲಿಸುವ ಧೈರ್ಯವೂ ಇರಲಿಲ್ಲ.

ಸುದ್ದಿ ತಂದವಳು ಐಲಿಯ ಸೊಸೆ ಕಾರ್ಲೀನ್. ಹ್ಯಾಲ್ಬೆಕ್ ಊರಿನ ಶಾಲಾ ಮಂಡಳಿಯ ಏಳು ಸದಸ್ಯರಲ್ಲಿ ಅವಳೂ ಒಬ್ಬಳು. ಎರಡು ವರ್ಷದ ಹಿಂದೆ ಚುನಾವಣೆಗೆ ನಿಂತಾಗ ಎದುರಾಳಿಯೇ ಇರಲಿಲ್ಲ. ಆದರೂ ಗೆದ್ದವರು ನಡೆದುಕೊಳ್ಳುವ ಹಾಗೆಯೇ ನಡೆದುಕೊಳ್ಳುತ್ತಿದ್ದಳು. ಸಭೆಗೆ ಮುಂಚೆ ಬರುವ ದಪ್ಪ ಲಕೋಟೆಯನ್ನು ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಓದುವ ಸದಸ್ಯೆ ಅವಳೊಬ್ಬಳೇ. ಊರಿನ ಆಸ್ಪತ್ರೆಯಲ್ಲಿ ರೋಗಿಗಳ ಹೆಸರು ಬರೆದುಕೊಳ್ಳುವ ಮೇಜಿನ ಹಿಂದೆ ಹದಿನಾಲ್ಕು ವರ್ಷ ಕೂತವಳಿಗೆ ಕಾಗದ ಕಂಡರೆ ಬೇಸರವಿಲ್ಲ.

"ದಿನಕ್ಕೆ ನಾಲ್ಕು," ಎಂದಳು, ಚಮಚ ಕೆಳಗಿಟ್ಟು. "ಸೂಪರಿಂಟೆಂಡೆಂಟ್ ಲುಂಡೀನ್ ಅವರ ವರದಿ. 'ಈ ಕೋಣೆಯನ್ನು ಬಹುಮಟ್ಟಿಗೆ ಯಾರೂ ಉಪಯೋಗಿಸುತ್ತಿಲ್ಲ. ಜೂನಿನಲ್ಲಿ ಮುಚ್ಚಿ, ಐಸ್ ಹಾಕಿ ತಂಡದ ವ್ಯಾಯಾಮಕ್ಕೆ ಕೊಡುವುದು ಸೂಕ್ತ.' ಮಾರ್ಚ್ ಸಭೆಯಲ್ಲಿ ವೋಟಿಗೆ ಹಾಕ್ತಾರಂತೆ."

ಎಲ್ಲರೂ ಐಲಿಯ ಕಡೆ ನೋಡಿದರು. ಹತ್ತೊಂಬತ್ತು ವರ್ಷದಿಂದ ಆ ಲೈಬ್ರರಿ ನೋಡಿಕೊಳ್ಳುತ್ತಿದ್ದವಳು ಐಲಿ. ವಯಸ್ಸು ಅರವತ್ಮೂರು, ಮನೆಯೂ ಅವಳ ಹೆಸರಿನಲ್ಲೇ ಇತ್ತು.

"ಉಪ್ಪು ಸಾಕಾ?" ಎಂದಳು ಐಲಿ.

"ಅಮ್ಮ, ಅವಳು ಏನೋ ಹೇಳಿದ್ಲು," ಎಂದ ಮಗ ವೇಡ್.

"ಕೇಳಿಸ್ತು. ನಿನಗೆ ಖುಷಿ ಆಗಿರಬೇಕು."

ವೇಡ್ ಕೌಂಟಿಯ ಹಿಮ ತಳ್ಳುವ ಲಾರಿ ಓಡಿಸುತ್ತಿದ್ದ. ಸಂಜೆ ಹೊತ್ತು ಹಾಕಿ ತಂಡದ ಎರಡನೇ ಕೋಚು. ಮೂರು ವರ್ಷದಿಂದ ಹುಡುಗರು ಬಾಯ್ಲರ್ ಕೋಣೆಯಲ್ಲಿ ತೂಕ ಎತ್ತುತ್ತಿದ್ದರು. ಅದರ ಬಗ್ಗೆ ಅವನು ಊರಲ್ಲಿ ದೂರು ಹೇಳದ ಮನುಷ್ಯನಿರಲಿಲ್ಲ.

"ಖುಷಿ ಅಂತಲ್ಲಮ್ಮ. ನಾಲ್ಕೇ ಜನ ಬರ್ತಾರೆ ಅಂದ್ಮೇಲೆ... ನನ್ನ ಹತ್ರ ಇಪ್ಪತ್ತಾರು ಹುಡುಗರಿದ್ದಾರೆ."

"ನಾಲ್ಕಲ್ಲ," ಎಂದಳು ಮೊಮ್ಮಗಳು ಬ್ರಿಟಾ. ಹನ್ನೊಂದನೇ ತರಗತಿ. ಅಜ್ಜಿಯನ್ನು ಮುಮ್ಮು ಎನ್ನುತ್ತಿದ್ದಳು. "ಮುಮ್ಮು, ಹೇಳು ಅವ್ರಿಗೆ. ಮಧ್ಯಾಹ್ನ ಕೂರೋಕೆ ಜಾಗ ಇರಲ್ಲ."

"ಹಾಗಾದ್ರೆ ಯಾಕೆ ನಾಲ್ಕು ಅಂತ ಬರೆದಿದ್ದಾರೆ?" ಎಂದು ಕೇಳಿದಳು ಕಾರ್ಲೀನ್.

"ಬಾಗಿಲ ಹತ್ರ ತೂಗುಹಾಕಿರೋ ಪುಸ್ತಕ ನೋಡಿ ಬರೆದಿದ್ದಾರೆ," ಎಂದಳು ಐಲಿ. "ಬಂದವರು ಹೆಸರು ಬರೀಬೇಕು ಅಂತ ನಿಯಮ. ಬರೀರಿ ಅಂತ ನಾನು ಯಾರಿಗೂ ಹೇಳಲ್ಲ. ಪಾದ್ರಿ ಮಗಳು ಬರೀತಾಳೆ. ಹೊಸದಾಗಿ ಬಂದವರು ಬರೀತಾರೆ. ಇನ್ನೊಬ್ಬ ದಿನಾ ಕ್ರಿಸ್‌ಮಸ್ ತಾತ ಅಂತ ಬರೆದು ಹೋಗ್ತಾನೆ."

"ಅಂದರೆ ಆ ನಾಲ್ಕರಲ್ಲಿ ಒಬ್ಬ ಕ್ರಿಸ್‌ಮಸ್ ತಾತನಾ?"

"ಅವನು ತಪ್ಪಿಸದೆ ಬರ್ತಾನೆ," ಎಂದಳು ಐಲಿ, ಬಟ್ಟಲು ಎತ್ತಿಕೊಂಡು ಎದ್ದು.

ಮಂಡಳಿಯಲ್ಲಿ ಕಾರ್ಲೀನ್ ವೋಟು ಹಾಕುವ ಹಾಗಿರಲಿಲ್ಲ. ಮನೆಯವರ ಕೆಲಸದ ಮಾತು ಬಂದಾಗ ಸದಸ್ಯರು ಕುರ್ಚಿ ಬಿಟ್ಟು ಸಭಿಕರ ಜೊತೆ ಕೂರಬೇಕು. ಉಳಿದ ಆರು ಜನರಿಗೆ ಲೆಕ್ಕ ತೋರಿಸಬಹುದು, ಅಷ್ಟೇ. ಲೆಕ್ಕವೆಂದರೆ ಅವಳಿಗೆ ಪಾತ್ರೆ ತೊಳೆದಷ್ಟು ಸಲೀಸು. ಸೋಮವಾರ ಆಸ್ಪತ್ರೆಯಿಂದ ಹಸಿರು ರಟ್ಟಿನ ಒಂದು ನೋಟ್‌ಬುಕ್ ತಂದು, ಸ್ಕೇಲಿಟ್ಟು ಗೆರೆ ಎಳೆದು, ಪೀರಿಯಡ್ಡಿಗೊಂದು ಕಾಲಂ ಮಾಡಿ ಅತ್ತೆಯ ಕೈಗೆ ಕೊಟ್ಟಳು.

"ಒಂದು ವಾರ ಸಾಕು. ಒಳಗೆ ಬಂದವರ ಹೆಸರು ಬರೀರಿ. ಉಳಿದದ್ದು ನಾನು ನೋಡ್ಕೋತೀನಿ."

ಶುಕ್ರವಾರ ಸಂಜೆ ನೋಟ್‌ಬುಕ್ ವಾಪಸು ಬಂತು. ಕಾಲಂಗಳು ಕೊಟ್ಟಾಗ ಎಷ್ಟು ಚೊಕ್ಕಟವಾಗಿದ್ದವೋ ಅಷ್ಟೇ ಚೊಕ್ಕಟವಾಗಿದ್ದವು.

"ಒಂದು ಹೆಸರೂ ಇಲ್ವಲ್ಲ ಐಲಿ!"

ಐಲಿ ಏಲಕ್ಕಿ ಬ್ರೆಡ್ಡಿಗೆ ಹಿಟ್ಟು ನಾದುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಕೆಂಡ್ರಾ ಅಂತ ಒಬ್ಬ ಹುಡುಗಿ ಇದ್ಲು, ಐದು ವರ್ಷದ ಹಿಂದೆ. ಈಗ ಹೆದ್ದಾರಿ ಪೆಟ್ರೋಲ್ ಬಂಕಿನಲ್ಲಿ ಇದ್ದಾಳಲ್ಲ, ಅವಳೇ. ಆಟದ ಪೀರಿಯಡ್ಡಲ್ಲಿ ಬಟ್ಟೆ ಬದಲಾಯಿಸೋ ಕೋಣೇಲಿ ಹುಡುಗೀರು ಏನೋ ಆಡಿಕೊಂಡರಂತೆ. ಅಲ್ಲಿಗೆ ಹೋಗೋದು ಬಿಟ್ಟು ನನ್ನ ಹತ್ರ ಬಂದು ಕೂತ್ಕೋತಿದ್ಲು. ಒಳ್ಳೇ ಹುಡುಗಿ, ಬಂದಾಗೆಲ್ಲ ದುಂಡಗೆ ಹೆಸರು ಬರೀತಿದ್ಲು. ಒಂದು ದಿನ ಆಫೀಸಿನವರು ಪುಸ್ತಕ ತಗೊಂಡು ಹೋಗಿ ಹಾಜರಿ ಜೊತೆ ತಾಳೆ ಹಾಕಿದರು. ಕ್ಲಾಸಿಗೆ ಬರಲಿಲ್ಲ ಅಂತ ಶಿಕ್ಷೆ ಕೊಟ್ಟರು. ಏನು ಶಿಕ್ಷೆ ಗೊತ್ತಾ? ಮೂರು ದಿನ ಕ್ಲಾಸಿಗೆ ಬರಬಾರದು."

"ಅದು ನಿಯಮ."

"ಹೌದು, ನಿಯಮವೇ. ನಾಲ್ಕನೇ ದಿನವೂ ಅವಳು ಬರಲಿಲ್ಲ."

"ಸರಿ, ಹೆಸರು ಬೇಡ. ಬರೀ ಗೀಟು ಹಾಕಿ. ಒಬ್ಬರಿಗೊಂದು ಗೀಟು."

"ಮೊದಲು ಗೀಟು ಅಂತಾರೆ. ಆಮೇಲೆ ಇದು ಯಾರ ಗೀಟು ಅಂತಾರೆ."

"ನೀವು ಹೀಗೆ ಹಟ ಹಿಡಿದ್ರೆ ಲೈಬ್ರರಿ ಮುಚ್ತಾರೆ. ನಿಮ್ಮನ್ನ ಮಧ್ಯಾಹ್ನದ ಊಟದ ಅಡುಗೆಮನೆಗೆ ಹಾಕ್ತಾರೆ. ಆಲೂಗಡ್ಡೆ ಹಿಸುಕ್ತಾ ಇರಿ ಅಲ್ಲಿ."

"ಆಲೂಗಡ್ಡೆ ಯಾರ ಹೆಸರನ್ನೂ ಕೇಳಲ್ಲ," ಎಂದು ಐಲಿ ಹಿಟ್ಟನ್ನು ಮಗುಚಿ ಹಾಕಿದಳು.

ಮುಂದಿನ ಗುರುವಾರ ಕಾರ್ಲೀನಳಿಗೆ ಆಸ್ಪತ್ರೆಗೆ ರಜೆ. ನೋಟ್‌ಬುಕ್ಕು, ಎರಡು ಪೆನ್ಸಿಲು, ಫ್ಲಾಸ್ಕಿನಲ್ಲಿ ಕಾಫಿ ತೆಗೆದುಕೊಂಡು ಬೆಳಗ್ಗೆ ಏಳೂವರೆಗೇ ಲೈಬ್ರರಿಗೆ ಹೋಗಿ ಬಾಗಿಲ ಪಕ್ಕದ ಮೇಜಿನಲ್ಲಿ ಕುಳಿತಳು. ಐಲಿ ಬೇಡವೆನ್ನಲಿಲ್ಲ. ಯಾರು ಬೇಕಾದರೂ ಬಂದು ಕೂರಬಹುದಾದ ಜಾಗ ಅದು; ಬಂದವರು ಏನು ಮಾಡುತ್ತಾರೆ ಎಂದು ಕೇಳುವುದು ಅವಳ ಅಭ್ಯಾಸವಲ್ಲ.

ಬಸ್ಸುಗಳು ಬಂದವು. ಮೊದಲು ಒಳಗೆ ಬಂದವರು ಒದ್ದೆ ಕೈಗವಸುಗಳನ್ನು ಶಾಖದ ಕೊಳವೆಯ ಮೇಲೆ ಸಾಲಾಗಿ ಹರವಿ, ಅಲ್ಲೇ ಬೆನ್ನು ಕೊಟ್ಟು ನಿಂತರು. ಒಬ್ಬನ ಗಣಿತ ನೋಡಿ ಇನ್ನೊಬ್ಬ ಬರೆದುಕೊಂಡ. ಒಬ್ಬಳು ಅಟ್ಲಾಸುಗಳ ಹಿಂದೆ ಕೋಟು ಮಡಿಸಿ ತಲೆಗಿಟ್ಟು ಮಲಗಿದಳು. ಮುಂಜಾನೆ ನಾಲ್ಕಕ್ಕೆ ಎದ್ದು ಹಸುವಿನ ಹಾಲು ಕರೆದು ಬರುವವಳಂತೆ. ಒಬ್ಬ ಚಾಲಕ ಪರವಾನಗಿಯ ಪುಸ್ತಕವನ್ನು ತುಟಿ ಅಲುಗಿಸುತ್ತ ಬಾಯಿಪಾಠ ಮಾಡಿದ. ಕೆಲವರು ಓದಿದರು. ಕಾರ್ಲೀನ್ ಗೀಟು ಹಾಕಬೇಕೆಂದೇ ಬಂದಿದ್ದಳು. ಆದರೆ ಹದಿನಾಲ್ಕು ವರ್ಷ ಮುಖ ಕಂಡೊಡನೆ ಹೆಸರು ಬರೆದ ಕೈ. ಊರಿನ ಮಕ್ಕಳಲ್ಲಿ ಯಾರಿಗೆ ಯಾವಾಗ ಸೀತಾಳೆ ಸಿಡುಬು ಎದ್ದಿತ್ತು, ಯಾರ ಮೂಳೆ ಮುರಿದಿತ್ತು ಎಂದು ಬಲ್ಲವಳು. ಮೂರನೇ ಗೀಟಿನ ಹೊತ್ತಿಗೆ ಪೆನ್ಸಿಲು ತಾನೇ ಹೆಸರು ಬರೆಯತೊಡಗಿತು.

ಮೂರನೇ ಪೀರಿಯಡ್ಡಿನ ಗಂಟೆ ಹೊಡೆದು ಐದು ನಿಮಿಷವಾಗಿತ್ತು. ಐವತ್ತೆಂಟನೆಯವಳು ಬಾಗಿಲು ತಳ್ಳಿಕೊಂಡು ಬಂದಳು.

"ಅಮ್ಮ? ನೀನೇನಿಲ್ಲಿ?"

"ನಾನು ಎಣಿಸ್ತಿದೀನಿ. ನೀನೇನಿಲ್ಲಿ? ಈಗ ನಿನಗೆ ಕೆಮಿಸ್ಟ್ರಿ ಅಲ್ವೇನೆ?"

ಬ್ರಿಟಾ ಅಜ್ಜಿಯ ಕಡೆ ನೋಡಿದಳು. ಐಲಿ ಒಂದು ಪುಸ್ತಕಕ್ಕೆ ತಾರೀಖಿನ ಮುದ್ರೆ ಒತ್ತುತ್ತಿದ್ದಳು.

"ಎಷ್ಟು ದಿನದಿಂದ ನಡೀತಿದೆ ಇದು?" ಕಾರ್ಲೀನಳ ದನಿ ಏರಿತು. ಕೊಳವೆಯ ಬಳಿ ನಿಂತವರು ಇತ್ತ ತಿರುಗಿದರು.

"ಲೈಬ್ರರಿ ಇದು, ಮೆಲ್ಲಗೆ," ಎಂದಳು ಐಲಿ.

ಕಾರ್ಲೀನ್ ತುಟಿ ಬಿಗಿದು ಬರೆದಳು: 58. ಬ್ರಿಟಾ ನಿಸ್ಕನೆನ್.

ಆ ಸಂಜೆ ಬಟಾಣಿ ಸೂಪು ಒಲೆಯ ಮೇಲೆಯೇ ಕೆನೆಗಟ್ಟಿತು.

"ಮೂರು ವಾರ!" ಎಂದಳು ಕಾರ್ಲೀನ್. "ಮೂರು ವಾರ ಕ್ಲಾಸಿಗೆ ಹೋಗಿಲ್ಲ. ಕಾರಣ ಕೇಳಿದ್ರೆ, ಪ್ರಯೋಗದ ಜೊತೆಗಾತಿ ಮಾತು ಬಿಟ್ಟಿದ್ದಾಳಂತೆ."

"ಮಾತು ಬಿಟ್ಟಿಲ್ಲಮ್ಮ. ನನ್ನ ಬಿಟ್ಟು ಉಳಿದೋರ ಹತ್ರ ನನ್ನ ಬಗ್ಗೆ ಮಾತಾಡ್ತಾಳೆ."

"ಹಾಕೀಲಿ ಹಾಗಂತ ಆಟ ಬಿಟ್ಟು ಹೋದರೆ..." ಎಂದು ವೇಡ್ ಶುರು ಮಾಡಿದ.

"ಹಾಕೀಲಿ ಕೋಲಲ್ಲಿ ಹೊಡೀಬಹುದಪ್ಪ. ಕೆಮಿಸ್ಟ್ರೀಲಿ ಬಿಡಲ್ಲ."

ವೇಡ್ ನಗು ತಡೆಯಲು ಬ್ರೆಡ್ಡು ಬಾಯಿಗಿಟ್ಟುಕೊಂಡ. ಕಾರ್ಲೀನ್ ಅತ್ತೆಯ ಕಡೆ ತಿರುಗಿದಳು.

"ನಿಮಗೆ ಗೊತ್ತಿತ್ತು. ಒಂದೇ ಮನೇಲಿದ್ದು, ಒಂದೇ ಮೇಜಿನಲ್ಲಿ ಉಂಡು, ನನ್ನ ಮಗಳ ವಿಷಯ ನನಗೇ ಹೇಳಲಿಲ್ಲ."

"ಹೇಳಿದ್ರೆ ಅವಳು ಕ್ಲಾಸಿಗೆ ಹೋಗ್ತಿದ್ಲು ಅಂತೀಯಾ? ಹೊಳೆ ದಂಡೆಗೆ ಹೋಗ್ತಿದ್ಲು. ಹೊರಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿತ್ತು. ಒಳಗೆ ಬೆಚ್ಚಗೆ ಕೂತು ಓದ್ತಿದಾಳಲ್ಲ ಅಂತ ನಾನು ಸುಮ್ಮನಿದ್ದೆ."

"ಅದನ್ನ ತೀರ್ಮಾನ ಮಾಡೋಕೆ ನೀವು ಯಾರು?"

"ಅವಳ ಅಜ್ಜಿ. ಇನ್ನೇನೂ ಅಲ್ಲ."



"ಅಮ್ಮ," ಎಂದಳು ಬ್ರಿಟಾ, "ಆ ನೋಟ್‌ಬುಕ್ಕಲ್ಲಿ ನನ್ನ ಹೆಸರಿದೆ ತಾನೇ? ಮಂಡಳಿಗೆ ಕೊಟ್ರೆ ಅದು ಲುಂಡೀನ್ ಕೈಗೆ ಹೋಗುತ್ತೆ. ನನಗೆ ಮೂರು ದಿನ. ಆ ಹಸು ಕರೆಯೋ ಹುಡುಗಿಗೆ ಮೂರು ದಿನ. ಮೂರನೇ ಪೀರಿಯಡ್ಡಲ್ಲಿ ಕೂತಿದ್ದ ಅಷ್ಟೂ ಜನಕ್ಕೆ."

"ನಾನು ಒಟ್ಟು ಸಂಖ್ಯೆ ಮಾತ್ರ ಕೊಡ್ತೀನಿ," ಎಂದಳು ಕಾರ್ಲೀನ್. ಎದ್ದು ಸೂಪಿನ ಪಾತ್ರೆಯನ್ನು ಹಾಗೇ ತೆಗೆದುಕೊಂಡು ಹೋಗಿ ಹಿಂದಿನ ವರಾಂಡದ ಹಿಮದ ಮೇಲಿಟ್ಟು ಬಂದಳು.

ಆಮೇಲಿನ ಎರಡೂವರೆ ವಾರ ಮನೆಯ ಒಲೆಯ ಮೇಲೆ ಎರಡು ಕಾಫಿ ಪಾತ್ರೆಗಳು ಕುದಿದವು, ಒಂದು ಅತ್ತೆಯದು, ಒಂದು ಸೊಸೆಯದು. ವೇಡ್ ಎರಡರಿಂದಲೂ ಕುಡಿದ. ಹೊಟ್ಟೆ ಉರಿ ಎಂದು ಮಾತ್ರೆ ನುಂಗಿದ. ಬಟ್ಟೆಗಳನ್ನು ಬೇರೆ ಬೇರೆ ಒಗೆಯಲಾಯಿತು. ಶನಿವಾರದ ಸೌನಾಗೆ, ಅಂದರೆ ಕಾದ ಕಲ್ಲಿನ ಹಬೆಯ ಸ್ನಾನಕ್ಕೆ, ಐಲಿ ಒಬ್ಬಳೇ ಹೋಗಿ ಬಂದಳು. ಕಾರ್ಲೀನ್ ಆಮೇಲೆ ಹೋದಾಗ ಕಲ್ಲುಗಳು ತಣ್ಣಗಾಗಿದ್ದವು. ಬ್ರಿಟಾ ಕೆಮಿಸ್ಟ್ರಿಗೆ ಹೋಗತೊಡಗಿದಳು, ಏಕೆಂದರೆ ದಿನಾ ಮಧ್ಯಾಹ್ನ ಆಸ್ಪತ್ರೆಯಿಂದ ಶಾಲೆಗೆ ಒಂದು ಫೋನು ಬರುತ್ತಿತ್ತು. "ಹೇಗಿತ್ತು ಕ್ಲಾಸು?" ಎಂದು ಕೇಳಿದರೆ, "ಗಾಜು ಒಡೆದಿಲ್ಲ," ಎಂದಷ್ಟೇ ಉತ್ತರ.

ಮಾರ್ಚಿನ ಎರಡನೇ ಸೋಮವಾರ ಸಂಜೆ ಆರಕ್ಕೆ ಸಭೆ. ನಾಲ್ವರೂ ಒಂದೇ ಗಾಡಿಯಲ್ಲಿ ಹೋದರು. ಇನ್ನೊಂದು ಗಾಡಿಯ ಬ್ಯಾಟರಿ ಚಳಿಗೆ ಸತ್ತಿತ್ತು. ಸಭಾಂಗಣದ ಬಾಗಿಲಲ್ಲಿ ಒಂದು ಹಾಳೆ ಇಟ್ಟಿದ್ದರು. ಮಾತಾಡಬೇಕೆನ್ನುವವರು ಹೆಸರು, ವಿಳಾಸ ಬರೆಯಬೇಕು.

"ಬರೀರಿ ಐಲಿ," ಎಂದಳು ಕಾರ್ಲೀನ್. ಹದಿನೆಂಟು ದಿನದಲ್ಲಿ ಅತ್ತೆಗೆ ಆಡಿದ ಮೊದಲ ಪೂರ್ತಿ ಮಾತು. "ನೀವು ಹೇಳಿದ್ರೆ ಕೇಳ್ತಾರೆ."

"ಈ ಹಾಳೆ ಆಮೇಲೆ ಎಲ್ಲಿಗೆ ಹೋಗುತ್ತೆ?" ಎಂದು ಐಲಿ ಬಾಗಿಲಲ್ಲಿದ್ದ ಗುಮಾಸ್ತೆಯನ್ನು ಕೇಳಿದಳು.

"ಕಡತಕ್ಕೆ, ಮಿಸೆಸ್ ನಿಸ್ಕನೆನ್."

"ಹಾಗಾದ್ರೆ ಬೇಡ," ಎಂದು ಒಳಗೆ ಹೋಗಿ ಎರಡನೇ ಸಾಲಿನಲ್ಲಿ ಕುಳಿತಳು. ಹತ್ತೊಂಬತ್ತು ವರ್ಷದ ಲೈಬ್ರರಿಯ ಬಗ್ಗೆ ಒಂದೂವರೆ ತಾಸು ಊರೆಲ್ಲ ಮಾತಾಡಿತು. ಹೆಸರು ಬರೆಯದ ಅವಳಿಗೆ ಮಾತಾಡುವ ಅಧಿಕಾರವಿರಲಿಲ್ಲ.

ಹಾಕಿ ತಂಡದ ಕಡೆಯಿಂದ ಮೂವರು ಮಾತಾಡಿದರು. ವೇಡ್‌ನ ಹೆಸರೂ ಹಾಳೆಯಲ್ಲಿತ್ತು. ಅವನ ಸರದಿ ಬಂದಾಗ ಎದ್ದು ನಿಂತು, ತಾಯಿಯ ತಲೆಯ ಹಿಂಭಾಗವನ್ನು ನೋಡಿ, "ಬಾಯ್ಲರ್ ಕೋಣೆ ಬಿಸಿ ಜಾಸ್ತಿ, ಅಷ್ಟೇ ನಾನು ಹೇಳೋದು," ಎಂದು ಕೂತುಬಿಟ್ಟ. ಕಾರ್ಲೀನ್ ಸಭಿಕರ ನಡುವಿನಿಂದ ಎದ್ದು ಎದುರಿನ ಮೈಕಿಗೆ ಬಂದಳು. ಎಲ್ಲರಂತೆ ಅವಳಿಗೂ ಮೂರೇ ನಿಮಿಷ.

"ಫೆಬ್ರವರಿ ಇಪ್ಪತ್ತೆರಡು, ಗುರುವಾರ. ಬೆಳಗ್ಗೆ ಏಳೂವರೆಯಿಂದ ಮಧ್ಯಾಹ್ನ ಮೂರೂಕಾಲಿನವರೆಗೆ ನಾನೇ ಕೂತು ಎಣಿಸಿದೆ. ಒಳಗೆ ಬಂದವರು ನೂರ ನಲವತ್ಮೂರು. ಶಾಲೇಲಿ ಇರೋರೇ ಮುನ್ನೂರ ಹತ್ತು."

ಆರು ಸದಸ್ಯರಲ್ಲಿ ಇಬ್ಬರು ತಲೆ ಎತ್ತಿದರು. ಮೂರನೆಯವರು ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು. ತಕ್ಕಡಿ ಲೈಬ್ರರಿಯ ಕಡೆಗೆ ವಾಲುತ್ತಿದೆ ಎಂದು ಕಾರ್ಲೀನಳಿಗೆ ಅನಿಸಿತು.

"ಬಹಳ ದೊಡ್ಡ ಸಂಖ್ಯೆ," ಎಂದರು ಲುಂಡೀನ್. ಸಭ್ಯ ಮನುಷ್ಯ, ಯಾರನ್ನೂ ಸುಳ್ಳುಗಾರರೆನ್ನುವವರಲ್ಲ. "ನಮ್ಮ ದಾಖಲೆಗೆ ಇದು ಹೊಂದೋದಿಲ್ಲವಲ್ಲ. ನಿಮ್ಮ ಮೂಲ ಪಟ್ಟಿ ಇದ್ದರೆ ಕಡತಕ್ಕೆ ಸೇರಿಸೋಣ. ಪಟ್ಟಿ ಇಲ್ಲದೆ ಸಂಖ್ಯೆ ತಗೊಳ್ಳೋಕೆ ಆಗಲ್ಲ. ನಿಯಮ ನಿಮಗೇ ಗೊತ್ತು."

ಗೊತ್ತಿತ್ತು. ಹೋದ ವರ್ಷ ಬಸ್ ಮಾರ್ಗದ ಜಗಳದಲ್ಲಿ ಆ ನಿಯಮವನ್ನು ಓದಿ ಹೇಳಿದವಳೇ ಅವಳು. ಚೀಲ ಭುಜದಲ್ಲಿತ್ತು, ಹಸಿರು ನೋಟ್‌ಬುಕ್ಕು ಚೀಲದಲ್ಲಿತ್ತು. ಗುಮಾಸ್ತೆ ಆಗಲೇ ಕೈ ಚಾಚಿದ್ದಳು. ಕಾರ್ಲೀನ್ ತಿರುಗಿ ನೋಡಿದಳು. ಹಿಂದಿನ ಸಾಲಿನಲ್ಲಿ ಬ್ರಿಟಾ ಕೋಟಿನ ಗುಂಡಿ ಹಾಕುವುದು, ಬಿಚ್ಚುವುದು ಮಾಡುತ್ತಿದ್ದಳು. ಅವಳಿಂದ ಎರಡು ಸೀಟು ಆಚೆ, ಹಸು ಕರೆಯುವ ಹುಡುಗಿಯ ತಾಯಿ ಕೂತಿದ್ದಳು. ಕಾರ್ಲೀನಳಿಗೆ ಕೈ ಬೀಸಿ ನಕ್ಕಳು. ಐಲಿ ಮಾತ್ರ ಎದುರು ಗೋಡೆಯ ಗಡಿಯಾರ ನೋಡುತ್ತಿದ್ದಳು.

"ಪಟ್ಟಿ ಇದೆಯಾ, ಕಾರ್ಲೀನ್?" ಎಂದು ಕೇಳಿದರು ಅಧ್ಯಕ್ಷೆ.

"ಇಲ್ಲ," ಎಂದಳು ಕಾರ್ಲೀನ್.

"ಮನೇಲಿದೆಯಾ?"

"ಎಲ್ಲೂ ಇಲ್ಲ. ಬಾಯಲ್ಲೇ ಎಣಿಸಿದೆ."

ಹಿಂದೆ ಯಾರೋ ನಕ್ಕರು. ಆಸ್ಪತ್ರೆಯಲ್ಲಿ ಒಬ್ಬರ ಹುಟ್ಟಿದ ತಾರೀಖು ಮೂರು ಕಡೆ ಬರೆದುಕೊಳ್ಳುವವಳು ನೂರ ನಲವತ್ಮೂರು ಜನರನ್ನು ಬಾಯಲ್ಲಿ ಎಣಿಸಿದಳೆಂದರೆ ಯಾರು ನಂಬುತ್ತಾರೆ? ಮೂರು ನಿಮಿಷದ ಗಂಟೆ ಹೊಡೆಯಿತು. ವೋಟಿನಲ್ಲಿ ನಾಲ್ಕು ಕೈ ಎದ್ದವು, ಎರಡು ಏಳಲಿಲ್ಲ. ಶಾಲಾ ವರ್ಷ ಮುಗಿದ ಕೂಡಲೇ ಲೈಬ್ರರಿ ಮುಚ್ಚಬೇಕು, ಪುಸ್ತಕಗಳು ಜಿಲ್ಲೆಯ ಗೋದಾಮಿಗೆ, ಕೋಣೆ ಹಾಕಿ ತಂಡಕ್ಕೆ.

ಗಾಡಿಯಲ್ಲಿ ವೇಡ್ ಹೀಟರನ್ನು ಜೋರು ಮಾಡಿದ. ಗೆದ್ದವನು ಅವನೊಬ್ಬನೇ, ಬಾಯಿ ಬಿಡುವ ಧೈರ್ಯವಾಗಲಿಲ್ಲ. ಗಾಡಿ ರೈಲು ಹಳಿ ದಾಟಿತು.

"ನಿಜವಾಗ್ಲೂ ಎಷ್ಟಿತ್ತು?" ಎಂದಳು ಐಲಿ.

"ನೂರ ನಲವತ್ಮೂರೇ."

"ಗುರುವಾರ ಕಡಿಮೆ," ಎಂದಳು ಐಲಿ.

ಮರುದಿನ ಬೆಳಗ್ಗೆ ಒಲೆಯ ಮೇಲೆ ಒಂದೇ ಕಾಫಿ ಪಾತ್ರೆಯಿತ್ತು. ಯಾರು ಇಟ್ಟದ್ದೆಂದು ಯಾರೂ ಕೇಳಲಿಲ್ಲ. ಐಲಿ ಆಗಲೇ ಕುಡಿದು ಕೆಲಸಕ್ಕೆ ಹೋಗಿದ್ದಳು.

ಹಿಮ ಕರಗಿತು. ವೇಡ್ ಲಾರಿಯ ಮುಂದಿನ ಸಲಿಕೆ ಬಿಚ್ಚಿ ರಸ್ತೆಯ ಗುಂಡಿ ಮುಚ್ಚುವ ಕೆಲಸಕ್ಕೆ ಹೋಗತೊಡಗಿದ. ಮೇ ತಿಂಗಳಿನಲ್ಲಿ ಐಲಿ ತಾರೀಖಿನ ಮುದ್ರೆಯನ್ನು ಮೇಜಿನ ಖಾನೆಯೊಳಗಿಟ್ಟಳು, ಮತ್ತೆ ತೆಗೆಯಲಿಲ್ಲ. ಕಾರ್ಲೀನ್ ಒಂದು ಗುರುವಾರ ರಟ್ಟಿನ ಪೆಟ್ಟಿಗೆ ಕಟ್ಟಲು ನೆರವಾಗೋಣವೆಂದು ಹೋದಾಗ ಕಂಡದ್ದು ಇದು: ಮಕ್ಕಳು ಬರುತ್ತಾರೆ, ಕಪಾಟಿನ ಮುಂದೆ ನಿಲ್ಲುತ್ತಾರೆ, ಎರಡೋ ಮೂರೋ ಪುಸ್ತಕ ಕಂಕುಳಿಗಿಟ್ಟುಕೊಂಡು ಹೋಗುತ್ತಾರೆ. ಐಲಿ, "ಅದರ ಎರಡನೇ ಭಾಗ ಕೆಳಗಿನ ಸಾಲಲ್ಲಿದೆ, ಅದನ್ನೂ ತಗೋ," ಎನ್ನುತ್ತಾಳೆ. ಹಸು ಕರೆಯುವ ಹುಡುಗಿ ಅಟ್ಲಾಸನ್ನು ಎರಡೂ ಕೈಯಲ್ಲಿ ಹೊತ್ತು ಬಾಗಿಲಲ್ಲಿ ಸಿಕ್ಕಿಕೊಂಡಳು. ಕಾರ್ಲೀನ್ ಎದ್ದು ಹೋಗಿ ಬಾಗಿಲು ಹಿಡಿದಳು.

"ಯಾವಾಗ ವಾಪಸ್ ತರ್ತಾರೆ?" ಎಂದು ಅತ್ತೆಯನ್ನು ಕೇಳಿದಳು.

"ಲೈಬ್ರರಿ ತೆರೆದಾಗ."

ಕಾರ್ಲೀನ್ ಆ ದಿನ ಆರು ಪೆಟ್ಟಿಗೆ ಕಟ್ಟಬೇಕೆಂದು ಹೋದವಳು ಒಂದನ್ನು ಕಟ್ಟಿ ಬಂದಳು.

ಮನೆಯಲ್ಲಿ ಬ್ರಿಟಾಳ ಮಂಚದ ಕೆಳಗೆ ಕಸ ಗುಡಿಸಲು ಜಾಗವಿರಲಿಲ್ಲ. ವೇಡ್ ಒಂದು ಸಂಜೆ ಊಟಕ್ಕೆ ಕೂತವನು, "ನಮ್ಮ ಲಾರಿ ಶೆಡ್ಡಿನ ಮುದುಕ ಊಟದ ಡಬ್ಬಿ ಪಕ್ಕ ಹಡಗಿನ ಪುಸ್ತಕ ಇಟ್ಕೊಂಡು ಕೂತಿರ್ತಾನೆ. ಮೊಮ್ಮಗ ತಂದುಕೊಟ್ಟನಂತೆ," ಎಂದ. ಐಲಿ ಅವನ ತಟ್ಟೆಗೆ ಇನ್ನೊಂದು ಮೀನು ಹಾಕಿದಳು. "ನಾನು ಸುಮ್ನೆ ಹೇಳಿದೆ," ಎಂದು ಮೀನಿನ ಮುಳ್ಳು ಬಿಡಿಸತೊಡಗಿದ.

ಜೂನ್ ಹನ್ನೊಂದರಂದು ಕೋಣೆ ಖಾಲಿ ಮಾಡಲು ಮಂಡಳಿಯ ಪರವಾಗಿ ಕಾರ್ಲೀನ್, ತಂಡದ ಪರವಾಗಿ ವೇಡ್, ಶಾಲೆಯ ಪರವಾಗಿ ಲುಂಡೀನ್ ಸೇರಿದರು. ಐಲಿ ಬೀಗದ ಕೈ ಒಪ್ಪಿಸಿ ಆಗಲೇ ಮನೆಗೆ ಹೋಗಿದ್ದಳು. ಅಡುಗೆಮನೆಯ ಕೆಲಸ ತನಗೆ ಬೇಡವೆಂದು ಬಾಯಲ್ಲೇ ಹೇಳಿದ್ದಳು. ಲುಂಡೀನ್ ಅವರ ಕೈಯಲ್ಲಿ ಪುಸ್ತಕಗಳ ಪಟ್ಟಿ. ಅದರ ಪ್ರಕಾರ ಆರು ಸಾವಿರದ ನಾನೂರು ಪುಸ್ತಕ. ಕಪಾಟುಗಳನ್ನು ಒಂದು ಸಲ ಎಣಿಸಿದರು, ಬೆವರು ಒರೆಸಿಕೊಂಡು ಇನ್ನೊಂದು ಸಲ ಎಣಿಸಿದರು. ಉಳಿದದ್ದು ಎರಡು ಸಾವಿರವೂ ಇರಲಿಲ್ಲ. ಹೆಚ್ಚಿನವು ತೆರಿಗೆ ಕಾನೂನಿನ ಹಳೆಯ ಸಂಪುಟಗಳು.

"ಇದು ಹೇಗಾಯ್ತು?" ಎಂದರು ಲುಂಡೀನ್. "ನಾಲ್ಕು ಸಾವಿರ ಪುಸ್ತಕ! ಯಾರೋ ತಗೊಂಡು ಹೋಗಿರಲೇಬೇಕು. ಕಾರ್ಲೀನ್, ನೀವು ಲೆಕ್ಕದವರು. ಯಾರು ತಗೊಂಡು ಹೋದರು ಅಂತೀರಿ?"

ವೇಡ್ ಖಾಲಿ ಕಪಾಟಿನ ಒಂದು ತುದಿ ಹಿಡಿದು ನಿಂತಿದ್ದ. ಹೆಂಡತಿಯ ಮುಖ ನೋಡಿ, ಮೆಲ್ಲಗೆ ಕಪಾಟನ್ನು ಕೆಳಗಿಟ್ಟ.

ಕಾರ್ಲೀನ್ ಕೈಯ ಧೂಳು ಕೊಡವಿಕೊಂಡಳು.

"ನನಗೇನು ಗೊತ್ತು ಸರ್," ಎಂದಳು. "ಇಲ್ಲಿಗೆ ಯಾರೂ ಬರ್ತಿರಲಿಲ್ಲವಲ್ಲ. ನೀವೇ ವರದಿಯಲ್ಲಿ ಬರೆದಿದ್ದೀರಿ."